ತಾಟಿನಲ್ಲಿ ಬಂದ ಶಾಯಿ

ಹೊಳಿವಾಡಿ, ತಾ. ಅಫಜಲಪುರ
೧೨ ಸೆಪ್ಟೆಂಬರ್ ೨೦೨೨

ದೌಲತರಾಯನಿಗೆ,

ಈ ಕೈಬರಹದ ಗುರುತು ಸಿಗಬೇಕು ನಿನಗೆ. ಹೊನ್ನಟಗಿ ಶಾಲೆಯಲ್ಲಿ ನಿನ್ನ ಕಾಪಿಯನ್ನೂ ನಾನೇ ಬರೆದುಕೊಡುತ್ತಿದ್ದೆ. ನಾನು ಸೈದಪ್ಪ. ನಿನ್ನೊಡನೆ ಮಾತು ಬಿಟ್ಟು ಮೂವತ್ತೊಂಬತ್ತು ವರ್ಷವಾಯಿತು.

ನೀನು ಮೊಣಕಾಲು ಆಪರೇಷನ್ ಮಾಡಿಸಿಕೊಂಡು ಯಡ್ರಾಮಿಯಲ್ಲಿ ಮಗಳ ಮನೆಯಲ್ಲಿದ್ದೀ ಎಂದು ಕಂಡಕ್ಟರ್ ನಿಜಾಮುದ್ದೀನ ಹೇಳಿದ. ವಿಳಾಸ ಕೊಟ್ಟವನೂ ಅವನೇ. ಫೋನ್ ನಂಬರ್ ಕೊಡಲು ಬಂದ, ಬೇಡ ಎಂದೆ. ಫೋನಿನಲ್ಲಿ ನೀನು ನಗುತ್ತೀ, ನಿನ್ನ ನಗು ಕೇಳಿದರೆ ನಾನು ಬಂದ ಕೆಲಸ ಮರೆಯುತ್ತೇನೆ. ಅದಲ್ಲದೆ ನನಗೆ ಬೇಕಾಗಿರುವುದು ಬರಹದಲ್ಲಿ ಬೇಕು.

ಕೆಲಸ ಇಷ್ಟು. ನಮ್ಮ ಹೊಳಿವಾಡಿಯ ಮತಗಟ್ಟೆಯನ್ನು ತೆಗೆದು ನಿಮ್ಮ ಹೊನ್ನಟಗಿಯ ಮತಗಟ್ಟೆಗೆ ಸೇರಿಸುವುದಾಗಿ ಪಂಚಾಯತಿ ಗೋಡೆಗೆ ನೋಟಿಸ್ ಅಂಟಿಸಿದ್ದಾರೆ. ಎರಡು ವರ್ಷದ ಹಿಂದೆ ಭೀಮಾ ಹೊಳೆ ಊರೊಳಗೆ ಬಂದಾಗ ಮನೆ ಕಳೆದುಕೊಂಡವರು ಸೊಲ್ಲಾಪುರ, ಕಲಬುರಗಿ ಎಂದು ಹೋದರು, ತಿರುಗಿ ಬರಲಿಲ್ಲ. ಈಗ ಪಟ್ಟಿಯಲ್ಲಿ ಇನ್ನೂರ ಎಂಬತ್ತಾರು ಹೆಸರು ಉಳಿದಿವೆ. ಇಷ್ಟೇ ಮಂದಿಗೆ ಬೇರೆ ಮತಗಟ್ಟೆ ಯಾಕೆ ಎನ್ನುವುದು ಅವರ ಮಾತು. ಆಕ್ಷೇಪಣೆಯಿದ್ದರೆ ಡಿಸೆಂಬರ್ ಎಂಟರೊಳಗೆ ಆಧಾರ ಸಮೇತ ಕೊಡಬೇಕು.

ಕಚೇರಿಗೆ ಹೋದೆ. ಅಫಜಲಪುರದ ಆ ಚುನಾವಣೆ ಶಾಖೆಯಲ್ಲಿರುವ ಹುಡುಗಿ ಒಳ್ಳೆಯವಳು. ಕಪಾಟಿನ ತಳದಿಂದ ಹಳೆಯ ರಿಜಿಸ್ಟರ್ ತೆಗೆದು, ಧೂಳು ಒರೆಸಿ ನನ್ನ ಮುಂದಿಟ್ಟಳು. ನಮ್ಮ ಕ್ಷೇತ್ರದ ಚರಿತ್ರೆ ಎಂದರೆ ಅದೇ, ಯಾವ ವರ್ಷ ಯಾವ ಊರಿನವರು ಎಷ್ಟು ಓಟು ಹಾಕಿದರು ಎಂಬುದು. ೧೯೭೨ರಲ್ಲಿ ಹೊಳಿವಾಡಿಯವರು ಹೊನ್ನಟಗಿಗೆ ಬಂದು ನೂರಕ್ಕೆ ತೊಂಬತ್ತೇಳು ಓಟು ಹಾಕಿದ್ದಾರೆ. ೧೯೭೮ರಲ್ಲಿ ತೊಂಬತ್ತೊಂಬತ್ತು. ೧೯೮೩ರಲ್ಲಿ ನೂರಕ್ಕೆ ನೂರು. ಆ ಚುನಾವಣೆಗೆ ಎರಡು ತಿಂಗಳು ಮೊದಲು ಹೊಳೆಯಲ್ಲಿ ಮುಳುಗಿ ಹೋದ ನನ್ನ ತಮ್ಮನೂ ಓಟು ಹಾಕಿದ್ದಾನೆ.

‘ಇಷ್ಟ ಛಲೋ ಮತದಾನ ಆಗ್ಯಾದಲ್ರಿ ಸರ್, ಹೊನ್ನಟಗ್ಯಾಗ ನಿಮಗೇನ ತ್ರಾಸ ಅದ?’ ಎಂದು ಅವಳು ಕೇಳಿದಳು. ಬೇರೆ ಮತಗಟ್ಟೆ ಬೇಕೆಂದು ೧೯೮೫ರಿಂದ ನಾನು ಬರೆದ ಅರ್ಜಿಗಳನ್ನೂ ತೆಗೆದು ತೋರಿಸಿದಳು. ಎಲ್ಲದರಲ್ಲೂ ನಾನು ಕೊಟ್ಟಿರುವ ಕಾರಣ ಒಂದೇ: ನಡುವೆ ಹಳ್ಳವಿದೆ, ದಾಟಲಾಗುವುದಿಲ್ಲ. ಹಳ್ಳಕ್ಕೆ ಈಗ ಸೇತುವೆಯಾಗಿದೆ. ಕಾರಣ ಮುಗಿದ ಮೇಲೆ ಮತಗಟ್ಟೆಯೂ ಮುಗಿದ ಹಾಗೆ.

ಆ ನೂರಕ್ಕೆ ನೂರು ಹೇಗಾಯಿತೆಂದು ನಿಮ್ಮ ಕಡೆಯಲ್ಲಿ ಬಲ್ಲವರೆಲ್ಲ ತೀರಿಕೊಂಡರು, ಉಳಿದವನು ನೀನೊಬ್ಬ. ಮನೆಮನೆಗೆ ಶಾಯಿ ಬಾಟಲಿ ತಂದವನೂ ನೀನೇ. ನಾನು ಹೇಳಿದರೆ ಅದು ಆಪಾದನೆ, ನೀನು ಬರೆದರೆ ಆಧಾರ. ಕ್ಷಮೆ ಕೇಳು ಎನ್ನುವುದಿಲ್ಲ. ಒಂದೇ ಪುಟ ಬರೆದು ಸಹಿ ಮಾಡು. ಅವ್ವ ಇನ್ನೂ ಇದ್ದಾಳೆ, ಎಂಬತ್ತಾರು ನಡೆಯುತ್ತಿದೆ. ಓಟು ಹಾಕಲು ಹೊನ್ನಟಗಿಗೆ ಕಾಲಿಡುವುದಿಲ್ಲ ಎಂದು ಈಗಲೇ ಹೇಳಿ ಕೂತಿದ್ದಾಳೆ.

ಸೈದಪ್ಪ
(ನಿವೃತ್ತ ಶಿಕ್ಷಕ)


ಯಡ್ರಾಮಿ
೩ ಅಕ್ಟೋಬರ್ ೨೦೨೨

ಲೇ ಸೈದಪ್ಪ ಮಾಸ್ತರ,

ಶರಣು. ನಿನ್ನ ಪತ್ರ ಬಂದ ದಿನ ನಾನು ಊಟ ಮಾಡಲಿಲ್ಲ. ಸಿಟ್ಟಿನಿಂದಲ್ಲ ದೋಸ್ತ, ಖುಷಿಯಿಂದ. ಯಾರ ಪತ್ರ ಎಂದು ಮಗಳು ಭಾಗ್ಯಜ್ಯೋತಿ ಕೇಳಿದಳು. ನನ್ನನ್ನು ಏಳನೆಯ ತರಗತಿ ಪಾಸು ಮಾಡಿಸಿದವನದು ಎಂದೆ.

ನನ್ನ ಮೊಣಕಾಲಿನಲ್ಲಿ ಸ್ಟೀಲು ಇಟ್ಟಿದ್ದಾರೆ. ಮೂವತ್ತು ವರ್ಷ ಗ್ಯಾರಂಟಿ ಅಂತೆ. ಅಷ್ಟು ವರ್ಷ ಬದುಕುವ ಗ್ಯಾರಂಟಿ ನನಗೆ ಯಾರು ಕೊಡುತ್ತಾರೆ ಎಂದು ಕೇಳಿದರೆ ಡಾಕ್ಟರು ಮುಂದಿನ ರೋಗಿಯ ಕಾಟಿಗೆ ಹೋದ. ಬಿದ್ದಲ್ಲೇ ಬಿದ್ದು ಹಳೆಯದೆಲ್ಲ ನೆನಪಾಗುತ್ತದೆ. ಅಮಾವಾಸ್ಯೆಗೆ ನಿನ್ನಪ್ಪನ ದೋಣಿಯಲ್ಲಿ ಘತ್ತರಗಿಯ ಭಾಗ್ಯವಂತಿ ಗುಡಿಗೆ ಹೋಗುತ್ತಿದ್ದೆವಲ್ಲ, ನಾನು ದೋಣಿ ಅಲುಗಾಡಿಸಿ ಹೆಣ್ಣುಮಕ್ಕಳನ್ನು ಹೆದರಿಸಿದ್ದಕ್ಕೆ ನಿನ್ನಪ್ಪ ಹುಟ್ಟುಗೋಲಿನಿಂದ ನನ್ನ ಬೆನ್ನಿಗೆ ಒಂದು ಬಾರಿಸಿದ್ದ. ಗೌಡರ ಮಗನಿಗೆ ಹೊಡೆದವನು ಸುತ್ತ ಹತ್ತು ಊರಲ್ಲಿ ಅವನೊಬ್ಬನೇ. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನಮ್ಮಪ್ಪ ಆ ದೋಣಿಯನ್ನು ಉಳಿಸುತ್ತಿರಲಿಲ್ಲ. ಅಷ್ಟಾದರೂ ನೆನಪಿಡು.

ಇನ್ನು ಶಾಯಿಯ ಮಾತು. ಹೌದು, ತಂದವನು ನಾನೇ. ಚುನಾವಣೆ ಅಧಿಕಾರಿಗಳು ನಮ್ಮ ಮನೆಯಲ್ಲೇ, ವಾಡೆಯಲ್ಲಿ ಉಳಿಯುತ್ತಿದ್ದರು. ಮುಂಜಾನೆ ಅವರು ನಾಷ್ಟಾ ಮಾಡುವಾಗ ಬಾಟಲಿ ನಮ್ಮ ಕೈಗೆ ಬರುತ್ತಿತ್ತು. ಹಿತ್ತಾಳೆ ತಾಟಿನಲ್ಲಿ ಬಾಟಲಿ, ಪಕ್ಕದಲ್ಲಿ ಅರಿಶಿನದ ಭಂಡಾರ, ಎಲೆ ಅಡಿಕೆ ಇಟ್ಟುಕೊಂಡು ನಾನು ಹಳ್ಳ ದಾಟಿ ಬರುತ್ತಿದ್ದೆ. ನಿಮ್ಮ ಹೆಣ್ಣುಮಕ್ಕಳು ಜಳಕ ಮಾಡಿ, ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದರು. ಹಣೆಗೆ ಭಂಡಾರ, ಬೆರಳಿಗೆ ಶಾಯಿ. ‘ಆತೇನ್ರಿ ಧಣಿ, ನಮ್ಮ ಓಟ?’ ‘ಆತು ಬೇ.’ ಅಷ್ಟೇ. ಯಾರನ್ನಾದರೂ ಬೈದೆನೇ? ಹೊಡೆದೆನೇ? ಮೊದಲು ಬೆರಳು ಚಾಚುತ್ತಿದ್ದವಳು ನಿನ್ನ ಅವ್ವ, ಗಂಗಾಬಾಯಿ. ತನ್ನದು ಆಗದೆ ಇನ್ನೊಬ್ಬರದು ಆಗಲು ಬಿಡುತ್ತಿರಲಿಲ್ಲ. ಆ ಮುಖಗಳ ಸಂಭ್ರಮ ನೆನೆದರೆ ಈಗಲೂ ನನಗೆ ನಗು ಬರುತ್ತದೆ. ವಾಡೆಯಲ್ಲಿ ಅಪ್ಪನ ಮಂದಿ ನಿಮ್ಮ ಓಟಿನ ಚೀಟಿಗಳ ಮೇಲೆ ಏನು ಒತ್ತುತ್ತಿದ್ದರು ಎಂಬುದನ್ನು ನಾನು ಕೇಳುತ್ತಿರಲಿಲ್ಲ. ಆ ಕಾಲ ಹಾಗಿತ್ತು.

ಬರೆದುಕೊಡಲು ನನಗೇನೂ ಅಡ್ಡಿಯಿಲ್ಲ. ಆದರೆ ನನ್ನ ಮಗ ಅಮರನಾಥ ಈ ಸಲ ಪಾರ್ಟಿಯ ಕೆಲಸಕ್ಕೆ ಜೋರಾಗಿ ಇಳಿದಿದ್ದಾನೆ. ಚುನಾವಣೆ ಒಂದು ಮುಗಿಯಲಿ. ಆಮೇಲೆ ಒಂದಲ್ಲ, ಹತ್ತು ಪುಟ ಬರೆಯುತ್ತೇನೆ.

ನಿನ್ನ
ದೌಲತ್ಯಾ


ಹೊಳಿವಾಡಿ
೨೦ ಅಕ್ಟೋಬರ್ ೨೦೨೨

ದೌಲತರಾಯ,

ಚುನಾವಣೆ ಮುಗಿದ ಮೇಲೆ ಬರೆಯುವ ಪುಟವನ್ನು ನಾನು ಉಪ್ಪಿನಕಾಯಿ ಹಾಕಲೇ? ಡಿಸೆಂಬರ್ ಎಂಟು ಎಂದು ಬರೆದಿದ್ದೆ. ಅಕ್ಷರ ಓದಲು ಕಲಿಸಿದವನು ನಾನೇ ಆದ್ದರಿಂದ ನಿನಗೆ ಓದಲಾಗಲಿಲ್ಲ ಎಂದು ನಂಬುವುದಿಲ್ಲ.

ನಿನಗೆ ನಗು ಬರುತ್ತದೆ ಅಂದೆಯಲ್ಲ, ಆಗ ಏನಾಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಕೇಳು.

೧೯೮೩ರಲ್ಲಿ ನಾನು ಹೊಸದಾಗಿ ಮಾಸ್ತರನಾಗಿ ಆಳಂದ ತಾಲೂಕಿಗೆ ಹೋಗಿದ್ದೆ. ಕಡಗಂಚಿ ಹತ್ತಿರದ ಒಂದು ಹಳ್ಳಿಯಲ್ಲಿ ಚುನಾವಣೆ ಡ್ಯೂಟಿ ಹಾಕಿದರು. ತರಬೇತಿಯ ದಿನ ಜ್ವರ ಬಂದು ಮಲಗಿದ್ದೆ. ನನಗೆ ಕೊಟ್ಟ ಕೆಲಸ ಬೆರಳಿಗೆ ಶಾಯಿ ಹಚ್ಚುವುದು. ಅದು ನಾನು ಚಿಕ್ಕಂದಿನಿಂದ ನೋಡಿದ ಕೆಲಸವೇ, ಧೈರ್ಯವಾಗಿ ಕೂತೆ. ಮೊದಲ ಮುದುಕ ಬಂದ, ಹಚ್ಚಿದೆ. ಅವನು ಒಂದು ಕಾಗದ ಇಸಿದುಕೊಂಡು ಒಳಗೆ ಹೊರಟ. ‘ಎಲ್ಲಿ ಹೊಂಟೀರಿ ಅಜ್ಜಾ, ನಿಮ್ಮದು ಮುಗೀತಲ್ಲ’ ಎಂದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನು ತಮಾಷೆ ಮಾಡಿದೆ ಎಂದು ತಿಳಿದರು. ಮುದುಕ ಮರೆಗೆ ನಿಲ್ಲಿಸಿದ ರಟ್ಟಿನ ಹಿಂದೆ ಹೋಗಿ, ಬಂದು, ಕಾಗದವನ್ನು ಡಬ್ಬಿಯಲ್ಲಿ ಹಾಕಿದ. ಇಪ್ಪತ್ನಾಲ್ಕು ವರ್ಷದ ಮಾಸ್ತರ, ಮಕ್ಕಳಿಗೆ ಪೌರನೀತಿ ಕಲಿಸುವವನು, ಅಂದು ಮೊದಲ ಸಲ ಓಟಿನ ಡಬ್ಬಿ ನೋಡಿದೆ. ಸಂಜೆಯವರೆಗೆ ನಾನು ತಲೆ ಎತ್ತಲಿಲ್ಲ.

ಮರುದಿನ ಊರಿಗೆ ಬಂದು ಕೇಳಿದೆ, ‘ಅವ್ವಾ, ನೀ ಓಟ ಹಾಕಿದಾಗ ಡಬ್ಬಿ ಎಲ್ಲಿತ್ತು?’

‘ಯಾ ಡಬ್ಬಿ?’ ಎಂದಳು.

ಹೇಳಿದೆ. ಅವ್ವ ಒಲೆಯ ಬೂದಿ ತೆಗೆದುಕೊಂಡು ಆ ಬೆರಳು ತಿಕ್ಕಲು ಕೂತಳು. ಚರ್ಮ ಕಿತ್ತು ರಕ್ತ ಬಂತು, ಶಾಯಿ ಹೋಗಲಿಲ್ಲ. ನಿಮ್ಮ ವಾಡೆಗೆ ಓಡಿ ಬಂದೆ. ನೀನು ಏನಂದೆ ನೆನಪಿದೆಯೇ? ‘ಇದನ್ನ ಊರಿಗೆಲ್ಲಾ ಹೇಳಿ ನಿಮ್ಮ ಮಂದಿ ಇಜ್ಜತ್ ನೀನ ಕಳೀತಿ ಏನಲೇ?’ ಅಂದೆ. ಅದೇ ನಮ್ಮಿಬ್ಬರ ಕೊನೆಯ ಮಾತು.

ಹಾಳಾದ್ದು, ನೀನು ಅಂದದ್ದೇ ಆಯಿತು. ನಮ್ಮ ವಾಡಿಯ ಹಿರಿಯರೂ ನನ್ನ ಕೈ ಹಿಡಿದು ಬೇಡಿಕೊಂಡರು. ಶಾಯಿಯೇ ಓಟು ಎಂದು ತಿಳಿದಿದ್ದ ಮಂದಿ ಎಂದು ಸಂತೆಯಲ್ಲಿ ನಗುತ್ತಾರೆ, ನಮ್ಮ ಹೆಣ್ಣು ಯಾರೂ ತರುವುದಿಲ್ಲ, ಬರೆಯಬೇಡ ಎಂದರು. ಹಾಗಾಗಿ ಅರ್ಜಿಯಲ್ಲಿ ನಾನು ಹಳ್ಳ ಎಂದು ಬರೆದೆ. ೧೯೮೫ರಲ್ಲಿ ನಮ್ಮವರು ಒಬ್ಬರೂ ಮನೆ ಬಿಟ್ಟು ಹೊರಬರಲಿಲ್ಲ, ನಿನ್ನ ತಾಟಿಗೂ ಬಾಗಿಲು ತೆಗೆಯಲಿಲ್ಲ. ಆದರೂ ರಿಜಿಸ್ಟರಿನಲ್ಲಿ ತೊಂಬತ್ತೊಂದು ಇದೆ.

೧೯೮೯ರಲ್ಲಿ ನಮ್ಮ ಶಾಲೆಗೆ ಡಬ್ಬಿ ಬಂತು. ಅವ್ವ ಏಳು ಗಂಟೆಗೇ ಮೊದಲು ನಿಂತಳು. ರಟ್ಟಿನ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ, ಅಧಿಕಾರಿ ಕೂಗಿದ. ಒಳಗೆ ಸುಮ್ಮನೆ ನಿಂತಿದ್ದೆ, ಅಲ್ಲಿ ಯಾರೂ ಇರಲಿಲ್ಲ ಎಂದು ಆಮೇಲೆ ಹೇಳಿದಳು. ಅಂದಿನಿಂದ ವಿಧಾನಸಭೆಗೆ ಏಳು ಸಲ ಹಾಕಿದ್ದಾಳೆ.

ಮತಗಟ್ಟೆಯಿರುವ ನಿಮ್ಮ ಶಾಲೆಯ ಗೋಡೆ ನಿಮ್ಮ ವಾಡೆಗೆ ಹತ್ತಿಕೊಂಡಿದೆ. ನಿಮ್ಮ ಹೊಲದಲ್ಲಿ ದುಡಿಯುವ ನಮ್ಮವರು ಅಮರನಾಥನ ಕಟ್ಟೆಯ ಮುಂದೆ ಹಾದು ಓಟಿಗೆ ಹೋಗಬೇಕು. ಈಗ ಮಷೀನು ಬಂದಿದೆ ಎಂದು ನನಗೂ ಗೊತ್ತು. ಅಲ್ಲಿಗೆ ನಡೆದು ಹೋಗುವುದೇ ಆಗುವುದಿಲ್ಲ ಎಂದು ನಿನಗೂ ಗೊತ್ತು.

ಅವ್ವ ಮೊದಲು ಬೆರಳು ಚಾಚುತ್ತಿದ್ದಳು ಎಂಬ ಮಾತನ್ನು ಮಾತ್ರ ಇನ್ನೊಮ್ಮೆ ಬರೆಯಬೇಡ.

ಸೈದಪ್ಪ


ಯಡ್ರಾಮಿ
೨೧ ನವೆಂಬರ್ ೨೦೨೨

ಸೈದಪ್ಪ,

ನಿನ್ನ ಪತ್ರವನ್ನು ಹದಿನೈದು ದಿನ ಮತ್ತೆ ಮತ್ತೆ ತೆಗೆದು ಓದಿದೆ. ಬೂದಿಯ ಸಂಗತಿ ನನಗೆ ಗೊತ್ತಿರಲಿಲ್ಲ, ಭಾಗ್ಯವಂತಿಯ ಆಣೆ.

ಗೊತ್ತಿದ್ದದ್ದನ್ನೂ ಹೇಳಿಬಿಡುತ್ತೇನೆ. ಚೀಟಿಗಳ ಮೇಲೆ ಏನು ಒತ್ತುತ್ತಾರೆ ಎಂದು ನಾನು ಕೇಳುತ್ತಿರಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ೭೮ರಲ್ಲಿಯೂ ೮೩ರಲ್ಲಿಯೂ ನಾನೇ ಕೂತು ಒತ್ತಿದ್ದೇನೆ. ನಿನ್ನ ತಮ್ಮನ ಚೀಟಿ ಬಂದಾಗ ಕೈ ಒಂದು ಸಲ ನಿಂತಿತು. ಅಪ್ಪ ನೋಡುತ್ತಿದ್ದ, ಒತ್ತಿದೆ.

ಮೊನ್ನೆ ಕೂತು ಎಲ್ಲವನ್ನೂ ಎರಡು ಪುಟ ಬರೆದೆ. ಭಾಗ್ಯಜ್ಯೋತಿ ಸಾಕ್ಷಿ ಸಹಿ ಮಾಡಿದಳು. ಟಪಾಲಿಗೆ ಹಾಕು ಎಂದು ಅವಳ ಕೈಯಲ್ಲಿ ಕೊಡುವಷ್ಟರಲ್ಲಿ ಅಮರನಾಥ ನನ್ನನ್ನು ನೋಡಲು ಬಂದ. ನಿಂತಲ್ಲೇ ಓದಿದ. ನಾನು ಬೈಗುಳಕ್ಕೆ ತಯಾರಾಗಿ ಕೂತಿದ್ದೆ, ಅವನು ಬೈಯಲಿಲ್ಲ. ‘ಅಪ್ಪಾಜಿ, ಇದು ಸಾದಾ ಟಪಾಲಿನಾಗ ಹೋಗೋ ಕಾಗದ ಅಲ್ಲ. ನಾ ಅಫಜಲಪುರಕ್ಕ ಹೊಂಟೇನಿ, ಕಚೇರಿಯಾಗ ನಾನ ಕೊಡ್ತೇನಿ’ ಎಂದು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅವನು ಹಾಗೆ ಹೇಳಿದ ಮೇಲೆ ನಾನೇನು ಹೇಳಲಿ? ಮಗ ದೊಡ್ಡವನಾಗಿದ್ದಾನೆ, ಅವನಿಗೂ ನ್ಯಾಯ ನೀತಿ ಇರುತ್ತದೆ.

ನೀನು ಒಂದು ಸಲ ಕಚೇರಿಯಲ್ಲಿ ವಿಚಾರಿಸು. ಅವ್ವನಿಗೆ ನನ್ನ ಶರಣು ಹೇಳು, ಹೇಳುವುದು ಸರಿ ಎನಿಸಿದರೆ.

ದೌಲತರಾಯ


ಹೊಳಿವಾಡಿ
೧೨ ಡಿಸೆಂಬರ್ ೨೦೨೨

ದೌಲತರಾಯ,

ನವೆಂಬರ್ ಕಡೆಯಿಂದ ನಾಲ್ಕು ಸಲ ಕಚೇರಿಗೆ ಹೋದೆ. ಯಾವ ಕಾಗದವೂ ಬಂದಿಲ್ಲ ಎಂದರು. ನೀನು ನನಗೆ ಬರೆದ ಖಾಸಗಿ ಪತ್ರ ಆಧಾರವಾಗುವುದಿಲ್ಲವಂತೆ, ಕಚೇರಿಗೆಂದೇ ಬರೆದ ಹೇಳಿಕೆ ಬೇಕಂತೆ. ಎಂಟನೆಯ ತಾರೀಖು ಮುಂಜಾನೆ ಹತ್ತರಿಂದ ಸಂಜೆ ಐದೂವರೆವರೆಗೆ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೆ.

ಮೂರು ಗಂಟೆಗೆ ಅಮರನಾಥ ಬಂದ. ನನ್ನನ್ನು ಕಂಡು, ಬಾಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಆರಾಮ ಇದ್ದೀರಾ ಎಂದ. ಚಹಾ ತರಿಸಿಕೊಟ್ಟ. ಹತ್ತು ನಿಮಿಷ ನನ್ನ ಪಕ್ಕದಲ್ಲೇ ಕೂತು ಮಳೆ ಬೆಳೆ ಮಾತಾಡಿದ. ಒಳಗೆ ಹೋಗಲಿಲ್ಲ, ಏನನ್ನೂ ಕೊಡಲಿಲ್ಲ, ಎದ್ದು ಹೋದ. ನಾನೂ ಕೇಳಲಿಲ್ಲ. ಅವನ ಜೇಬಿನ ಕಡೆ ನೋಡುತ್ತಿದ್ದೆ, ಅವನಿಗೆ ಅದು ಗೊತ್ತಿತ್ತು.

ನೀನು ಮಗನನ್ನು ಕೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ನಾನಂತೂ ಇನ್ನು ಬರೆಯುವುದಿಲ್ಲ.

ಸೈದಪ್ಪ


ಯಡ್ರಾಮಿ
೬ ಏಪ್ರಿಲ್ ೨೦೨೩

ಸೈದಪ್ಪ ಕಾಕಾ ಅವರಿಗೆ ಶರಣು.

ನಾನು ದೌಲತರಾಯರ ಮಗಳು ಭಾಗ್ಯಜ್ಯೋತಿ. ಇಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ, ಮತದಾರರ ಪಟ್ಟಿಯ ಕೆಲಸವೂ ನನಗೇ ಇದೆ. ನೀವು ಬರೆದ ಪತ್ರಗಳನ್ನೆಲ್ಲ ಅಪ್ಪಾಜಿ ಆಮೇಲೆ ನನ್ನಿಂದಲೂ ಓದಿಸಿಕೊಂಡಿದ್ದಾರೆ, ತಪ್ಪು ತಿಳಿಯಬೇಡಿ.

ಡಿಸೆಂಬರಿನಿಂದ ಅಣ್ಣ ನಾಲ್ಕೈದು ಸಲ ಬಂದು ಹೋದ. ಅಪ್ಪಾಜಿ ಆ ಕಾಗದದ ಮಾತು ಒಂದು ಸಲವೂ ಎತ್ತಲಿಲ್ಲ. ಅಣ್ಣ ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ನಾನೇ ಒಮ್ಮೆ ಅಣ್ಣನನ್ನು ಕೇಳಿದೆ. ‘ಯಾ ಕಾಗದ?’ ಎಂದ. ಇನ್ನೊಂದು ಬರೆಯೋಣ ಎಂದು ಅಪ್ಪಾಜಿಯ ಮುಂದೆ ಹಾಳೆ ಇಟ್ಟರೆ ತಾರೀಖು ಬರೆದು ಪೆನ್ನು ಕೆಳಗಿಡುತ್ತಾರೆ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ ಕಾಕಾ, ಏನು ಮಾಡಲೂ ತಿಳಿಯುವುದಿಲ್ಲ.

ಒಂದು ಸಂಗತಿ ತಿಳಿಸಲು ಬರೆಯುತ್ತಿದ್ದೇನೆ. ಎಂಬತ್ತು ದಾಟಿದವರು ಈ ಸಲ ಮನೆಯಲ್ಲೇ ಮತ ಹಾಕಬಹುದು. ಒಂದು ಅರ್ಜಿ ತುಂಬಿ ಕೊಟ್ಟರೆ ಅಧಿಕಾರಿಗಳು ಮನೆಗೇ ಬರುತ್ತಾರೆ. ನಿಮ್ಮ ಊರಿನ ಪಟ್ಟಿ ನೋಡಿಕೊಳ್ಳುವವರು ಅರ್ಜಿ ತಂದುಕೊಡುತ್ತಾರೆ, ಕೇಳಿ ಪಡೆಯಿರಿ. ಅಜ್ಜಿ ಹೊನ್ನಟಗಿಗೆ ಕಾಲಿಡುವುದು ತಪ್ಪುತ್ತದೆ. ನಮ್ಮ ಮನೆಯಿಂದ ಇಷ್ಟಾದರೂ ಆಗಲಿ.

ನಿಮ್ಮ ಮಗಳಂಥವಳು,
ಭಾಗ್ಯಜ್ಯೋತಿ


ಹೊಳಿವಾಡಿ
೧೧ ಮೇ ೨೦೨೩

ಭಾಗ್ಯಜ್ಯೋತಿ ತಾಯಿಗೆ ಆಶೀರ್ವಾದ.

ನೀನು ಒಳ್ಳೆಯ ಮನಸ್ಸಿನಿಂದ ತಿಳಿಸಿದೆ. ಆದದ್ದರಲ್ಲಿ ನಿನ್ನ ತಪ್ಪು ಸಾಸಿವೆ ಕಾಳಿನಷ್ಟೂ ಇಲ್ಲ, ಇದನ್ನು ಮೊದಲೇ ಹೇಳುತ್ತೇನೆ.

ಅರ್ಜಿ ತಂದೆ, ತುಂಬಿದೆ. ಅವ್ವನ ಹೆಬ್ಬೆಟ್ಟು ಬೇಕಿತ್ತು. ಓಟು ಮನೆಗೆ ಬರುತ್ತದೆ ಎಂದು ಹೇಳಿದರೆ ಅವಳು ಹತ್ತು ಪ್ರಶ್ನೆ ಕೇಳುತ್ತಾಳೆ. ಅವಳು ಅದನ್ನು ಪಿಂಚಣಿಯ ಕಾಗದ ಎಂದು ತಿಳಿದು ಬೆರಳು ಚಾಚಿದಳು. ನಾನು ತಿದ್ದಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿದವನ ಬುದ್ಧಿ ಇದು.

ಮೇ ಎರಡಕ್ಕೆ ಐದು ಮಂದಿ ಬಂದರು, ಪೊಲೀಸ್, ಕ್ಯಾಮೆರಾ ಸಮೇತ. ಮುಖ್ಯ ಅಧಿಕಾರಿ ಮುಸ್ತಕೀಮ ಎಂಬ ತರುಣ, ಬಹಳ ಸಭ್ಯ. ಚಪ್ಪಲಿ ಹೊರಗೆ ಬಿಟ್ಟು ಬಂದು ಅವ್ವನ ಮುಂದೆ ನೆಲದ ಮೇಲೆ ಕೂತ. ಚೀಟಿ, ಲಕೋಟೆ ತೋರಿಸಿದ. ಮರೆಗೆ ರಟ್ಟನ್ನೂ ನಿಲ್ಲಿಸಿದ. ಕಾಗದವೊಂದಕ್ಕೆ ಹೆಬ್ಬೆಟ್ಟು ಬೇಕೆಂದು ಶಾಯಿಯ ಡಬ್ಬಿ ತೆರೆದು ಮುಂದೆ ಹಿಡಿದ. ಆ ಡಬ್ಬಿಗೆ ಜಾಗ ಬೇಕೆಂದು ನನ್ನ ಸೊಸೆ ಶಿವಗಂಗಾ ಒಂದು ತಾಟು ತಂದು ಅದರಲ್ಲಿ ಇಟ್ಟಳು. ಹುಡುಗಿಗೆ ಏನು ಗೊತ್ತು?

ಅವ್ವ ತಾಟು ನೋಡಿದಳು. ಎರಡೂ ಕೈಯ ಮುಷ್ಟಿ ಬಿಗಿದು ಸೆರಗಿನೊಳಗೆ ಇಟ್ಟುಕೊಂಡಳು.

‘ಶಾಯಿ ಮನಿಗಿ ಬಂತಂದ್ರ ಅದು ಓಟ ಅಲ್ರಿ, ನಂಗ ಗೊತ್ತದ’ ಎಂದಳು.

ನಾನು ಹೇಳಿದೆ, ಶಿವಗಂಗಾ ಹೇಳಿದಳು. ಮುಸ್ತಕೀಮ ಅರ್ಧ ತಾಸು ತಾಳ್ಮೆಯಿಂದ ತಿಳಿಸಿದ. ಮುಷ್ಟಿ ಬಿಚ್ಚಲಿಲ್ಲ. ನಾಲ್ಕನೆಯ ತಾರೀಖು ಇನ್ನೊಮ್ಮೆ ಬಂದರು, ಅಂದು ಅವಳು ಒಳಗಿನಿಂದ ಅಗಳಿ ಹಾಕಿಕೊಂಡಳು. ಅವರು ಬರೆದುಕೊಂಡು ಹೋದರು.

ನಿನ್ನೆ ಮತದಾನ. ಮುಂಜಾನೆ ಎದ್ದು ಜಳಕ ಮಾಡಿ, ‘ನಡೀ, ಹೊನ್ನಟಗಿಗಿ ಹೋಗೂಣು’ ಎಂದಳು. ನಲವತ್ತು ವರ್ಷ ಬೇಡ ಎಂದ ಊರಿಗೆ ತಾನೇ ಹೊರಟಳು. ಮನೆಯ ಶಾಯಿಗಿಂತ ಅದು ಮೇಲು ಎನಿಸಿರಬೇಕು. ಹೋಗುವುದು ಬೇಡ ಎಂದು ನಾನು ತಡೆಯಬೇಕಾಗಿತ್ತು, ಯಾಕೆಂದರೆ ನಿಯಮ ನನಗೆ ಗೊತ್ತಿತ್ತು. ಅವಳ ಮುಖ ನೋಡಿ ನಾನೇ ಕೋಲು ತಂದುಕೊಟ್ಟೆ. ಅಮರನಾಥ ನಮ್ಮ ವಾಡಿಗೆ ಮೂರು ಟಂಟಂ ಆಟೋ ಕಳಿಸಿದ್ದ. ಅದರಲ್ಲಿ ಹತ್ತಲಾರೆ ಎಂದಳು. ಕೋಲು ಹಿಡಿದು ಸೇತುವೆಯ ಮೇಲೆ ಕೂತು ಎದ್ದು, ಎರಡು ತಾಸಿಗೆ ತಲುಪಿದೆವು. ವಾಡೆಯ ಕಟ್ಟೆಯ ಮೇಲೆ ಕೂತವರು ಎದ್ದು ದಾರಿ ಬಿಟ್ಟರು. ಅವಳು ಯಾರನ್ನೂ ನೋಡಲಿಲ್ಲ.

ಒಳಗಿನ ಅಧಿಕಾರಿ ಪಟ್ಟಿ ನೋಡಿದ. ಅವಳ ಹೆಸರಿನ ಮುಂದೆ ಕೆಂಪು ಗುರುತು ಇತ್ತು. ‘ನಿಮ್ಮದು ಮನಿಯಾಗ ಆಗ್ಯಾದ ಅಜ್ಜಿ’ ಎಂದ. ಆಗಿಲ್ಲ ಎಂದು ನಾನು ಹೇಳಿದೆ. ಮನೆಯ ಮತಕ್ಕೆ ಅರ್ಜಿ ಕೊಟ್ಟವರಿಗೆ ಇಲ್ಲಿ ಬರುವುದಿಲ್ಲ ಎಂದು ಅವನು ಅರ್ಜಿಯ ಸಂಗತಿ ವಿವರಿಸಿದ. ಅವನು ಹೇಳಿದ್ದು ಕಾಯಿದೆಯಂತೆ ಸರಿಯೇ ಇತ್ತು.

ಅವ್ವ ನನ್ನ ಕಡೆ ತಿರುಗಿದಳು. ‘ನನ್ನ ಹೆಬ್ಬಟ್ಟು ಯಾವಾಗ ತಗೊಂಡಿದ್ದಿ?’ ಎಂದು ಕೇಳಿದಳು. ಮೆಲ್ಲಗೆ ಕೇಳಿದಳು, ಆದರೂ ಸಾಲಿನಲ್ಲಿದ್ದ ನಮ್ಮವರಿಗೆಲ್ಲ ಕೇಳಿಸಿತು.

ಬರುವಾಗ ಅವಳಿಗೆ ನಡೆಯಲಾಗಲಿಲ್ಲ. ಅಮರನಾಥನ ಟಂಟಂನಲ್ಲೇ ಬಂದೆವು. ನಿನ್ನೆಯಿಂದ ಅವಳು ನನ್ನ ಕೈಯಿಂದ ನೀರು ಕುಡಿದಿಲ್ಲ, ಶಿವಗಂಗಾ ಕೊಟ್ಟರೆ ಕುಡಿಯುತ್ತಾಳೆ.

ಇದನ್ನು ನಿನ್ನ ಅಪ್ಪನಿಗೆ ಓದಿ ಹೇಳು. ಅವನನ್ನು ಚುಚ್ಚುವುದಕ್ಕಲ್ಲ. ಈಗ ನಾನೂ ಅವನೂ ಒಂದೇ ಕಡೆ ಕೂತಿದ್ದೇವೆ ಎಂದು ಗೊತ್ತಾಗಲಿ.

ಸೈದಪ್ಪ


ಯಡ್ರಾಮಿ
೨೪ ಮೇ ೨೦೨೩

ಸೈದಪ್ಪ,

ಭಾಗ್ಯಜ್ಯೋತಿ ಓದಿದಳು. ಮೂವತ್ತು ವರ್ಷ ಗ್ಯಾರಂಟಿಯ ಮೊಣಕಾಲಿದ್ದರೂ ಅಂದು ನಾನು ಎದ್ದು ನಿಲ್ಲಲಿಲ್ಲ.

ಅಮರನಾಥನ ಜೇಬಿಗೆ ಕಾಗದ ಹೋಗುವಾಗಲೇ ಅದು ಕಚೇರಿಗೆ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಬರೆದವನೆಂಬ ಹೆಸರು ನನಗಿರಲಿ, ತಡೆದವನೆಂಬ ಹೆಸರು ಅವನಿಗಿರಲಿ ಎಂದು ಸುಮ್ಮನಾದೆ. ಇಷ್ಟು ಹೊಲಸು ಮನಸ್ಸು ನನ್ನದು.

ಈ ಪತ್ರದ ಜೊತೆ ಮತ್ತೆ ಬರೆದ ಪುಟ ಇದೆ. ಇದನ್ನು ಮಗನಿಗೆ ತೋರಿಸಿಲ್ಲ. ಅವಧಿ ಮುಗಿದಿದೆ, ನಿನಗೆ ಉಪಯೋಗವಿಲ್ಲ ಎಂದು ಗೊತ್ತು. ಐದು ವರ್ಷಕ್ಕೆ ಇನ್ನೊಂದು ಚುನಾವಣೆ ಬರುತ್ತದೆ, ಆಗ ನೀನು ತೋರಿಸಬಹುದು. ಅದಕ್ಕಿಂತ ಮೊದಲು ನಿನ್ನ ಅವ್ವನ ಮುಂದೆ ಓದು. ಅವಳಿಗೆ ಕೇಳಿಸಲೆಂದೇ ಬರೆದಿದ್ದೇನೆ, ಒಂದು ಸುಳ್ಳೂ ಇಲ್ಲ.

ದೌಲತರಾಯ

(ಜೊತೆಗಿದ್ದ ಪುಟ)

ಸಂಬಂಧಪಟ್ಟವರಿಗೆ. ಹೊನ್ನಟಗಿಯ ಗುರುಶಾಂತಗೌಡರ ಮಗ ದೌಲತರಾಯ ಸ್ವಂತ ಬುದ್ಧಿಯಿಂದ ಬರೆದುಕೊಡುವುದೇನೆಂದರೆ, ೧೯೭೮ ಮತ್ತು ೧೯೮೩ನೇ ಇಸವಿಯ ಚುನಾವಣೆಗಳಲ್ಲಿ ಹೊಳಿವಾಡಿಯ ಜನರ ಬೆರಳಿಗೆ ಅವರ ಮನೆಯ ಬಾಗಿಲಲ್ಲೇ ಶಾಯಿ ಹಚ್ಚಿದವನು ನಾನು. ಶಾಯಿ ಹಚ್ಚುವುದೇ ಓಟು ಎಂದು ಅವರು ನಂಬಿದ್ದರು. ನಾನು ಆ ನಂಬಿಕೆಯನ್ನು ತಿದ್ದಲಿಲ್ಲ, ಅವರ ಓಟಿನ ಚೀಟಿಗಳ ಮೇಲೆ ನಾನೇ ಮುದ್ರೆ ಒತ್ತಿದೆ. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಬೆರಳು ಚಾಚಿದವರು ಗಂಗಾಬಾಯಿ. ಅವರ ನಂಬಿಕೆ ಅಷ್ಟು ದೊಡ್ಡದಾಗಿತ್ತು. ಅವರಿಗೆ ನಾನು ಮಾಡಿದ್ದು ಮೋಸ. ಇದು ಸತ್ಯ.


ಹೊಳಿವಾಡಿ
೨ ಜೂನ್ ೨೦೨೩

ದೌಲತರಾಯ,

ನಿನ್ನ ಪುಟ ತಲುಪಿತು. ಅವ್ವನ ಮುಂದೆ ಓದಿದೆ. ಬೇಡ ಎಂದು ನಿನಗೆ ಒಮ್ಮೆ ಹೇಳಿದ್ದ ಮಾತು ಅದರಲ್ಲಿ ಬರುವಾಗ ಬಿಟ್ಟು ಓದಬಹುದಿತ್ತು. ಅವಳಿಗೆ ಹೇಳದೆ ಒಂದು ಕೆಲಸ ಮಾಡಿ ಆಗಿದೆ, ಎರಡನೆಯದು ಬೇಡ ಎಂದು ಪೂರ್ತಿ ಓದಿದೆ.

ಅವ್ವ ಕಡೆಯ ಸಾಲಿನವರೆಗೂ ಕೇಳಿದಳು. ಈ ಕಾಗದ ಯಾರು ಯಾರು ಓದುತ್ತಾರೆ ಎಂದು ವಿಚಾರಿಸಿದಳು. ಕಚೇರಿಗೆ ಕೊಟ್ಟರೆ ಅಲ್ಲಿಯವರು, ಮುಂದೆ ಯಾರು ಬೇಕಾದರೂ ಓದಬಹುದು ಎಂದೆ. ಮೂರು ವಾರದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

‘ಮೊದಲ ಚಾಚಿದಾಕಿ ನಾನ. ಖರೇ ಅದ’ ಎಂದಳು. ಆಮೇಲೆ, ‘ಒಲಿಗಿ ಹಾಕು’ ಎಂದಳು.

ಊರಿನ ಬೇರೆ ಆಧಾರ ಯಾವುದೂ ಇಲ್ಲ, ಇದೊಂದೇ ಎಂದು ಹೇಳಿದೆ. ಅವಳು ಕೈ ಚಾಚಿದಳು, ಕೊಟ್ಟೆ. ಎದ್ದು ಒಲೆಯ ಹತ್ತಿರ ಹೋಗಲು ಅವಳಿಗೆ ಆಗಲಿಲ್ಲ. ಮರಳಿ ನನ್ನ ಕೈಗೆ ಕೊಟ್ಟು ನೋಡುತ್ತಾ ಕೂತಳು. ಹಾಕಿದೆ.

ಮೊನ್ನೆ ಪಿಂಚಣಿಯ ಕೆಲಸಕ್ಕೆ ಹೋದಾಗ ಕಚೇರಿಯ ಹುಡುಗಿ ಈ ಸಲದ ಲೆಕ್ಕ ತೋರಿಸಿದಳು. ಹೊಳಿವಾಡಿಯವರು ಹೊನ್ನಟಗಿಯಲ್ಲಿ ನೂರಕ್ಕೆ ತೊಂಬತ್ತಮೂರು. ‘ನೋಡ್ರಿ ಸರ್, ಎಷ್ಟ ಛಲೋ ಆತು’ ಎಂದಳು. ಹೌದಮ್ಮ ಎಂದು ಹೇಳಿ ಬಂದೆ.

ಸೈದಪ್ಪ